ಸಿಕ್ಕಿದ ಈಟಿ

ಋಷಿಮೂಲವನ್ನೂ ನದೀಮೂಲವನ್ನೂ ಹುಡುಕಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ವ್ಯಾಸರ ಮೂಲವನ್ನು ಹುಡುಕಿಕೊಂಡು ಹೊರಟವನು ಬೆಸ್ತರ ದೋಣಿಯ ಬಳಿ ಬಂದು ನಿಲ್ಲುತ್ತಾನೆ; ವಾಲ್ಮೀಕಿಯ ಮೂಲವನ್ನು ಹುಡುಕಿದವನು ಬೇಡರ ಹಟ್ಟಿಯ ಬಳಿ. ಅದರಿಂದ ಆ ಋಷಿಗಳ ಹಿರಿಮೆಗೆ ಕುಂದೇನೂ ಇಲ್ಲ; ಹುಡುಕಿದವನ ಮನಸ್ಸಿನ ಕಿರಿದುತನ ಹೊರಬೀಳುತ್ತದೆ, ಅಷ್ಟೆ. ಮನುಷ್ಯರ ಮಟ್ಟಿಗೆ ಇದು ಒಳ್ಳೆಯ ಮಾತು. ರೈಲಿನಲ್ಲಿ ಎದುರಿಗೆ ಕುಳಿತು ‘ತಾವು ಮೂಲತಃ ಎಲ್ಲಿಯವರು?’ ಎಂದು ವಿಚಾರಿಸುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಬೇಕಾಗಿರುವುದು ಊರಲ್ಲ, ಜಾತಿ.

ಆದರೆ ವಸ್ತುಗಳಿಗೂ ಈ ನಿಯಮ ಸಲ್ಲುತ್ತದೆಯೆ? ಒಬ್ಬರ ಮನೆಯ ಗೋಡೆಯ ಮೇಲೆ ಹಳೆಯ ಆಯುಧವೊಂದನ್ನು ಕಂಡು ‘ಇದು ಎಲ್ಲಿಯದು?’ ಎಂದು ಕೇಳುವುದು ಸಭ್ಯತೆಗೆ ಕಡಿಮೆಯೋ, ಅಥವಾ ಕೇಳದೆ ಸುಮ್ಮನಿರುವುದೇ ತಪ್ಪೋ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಮೊದಲು ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿರುವ ಮಸಗುಪ್ಪಿಯಲ್ಲಿ, ಪರಿಚಿತರೊಬ್ಬರ ಮನೆಯ ಪಡಸಾಲೆಯಲ್ಲಿ ಅದು ಎದ್ದಿತು. ಕಬ್ಬು ಬೆಳೆಯುವ ರೈತರ ಮನೆ. ದೇವರ ಕೋಣೆಯ ಬಾಗಿಲ ಪಕ್ಕದ ಗೋಡೆಗೆ ಎರಡು ಮೊಳೆಗಳ ಮೇಲೆ ಒಂದು ಈಟಿ ಒರಗಿತ್ತು. ಬಾಳೆಲೆಯ ತುದಿಯಂತೆ ಅಗಲವಾದ ಅಲಗು, ನಡುವೆ ಎದ್ದ ಏಣು, ಅಲಗಿನ ಬುಡದಲ್ಲಿ ಕಬ್ಬಿಣದ ತಗಡನ್ನೇ ಸುತ್ತಿ ಮಾಡಿದ ಕೊಳವೆ. ಕೊಳವೆಯ ಅಂಚುಗಳು ಕೂಡದೆ ಒಂದು ಸೀಳು ಹಾಗೆಯೇ ಉಳಿದಿತ್ತು. ಅಲಗಿನ ಮೇಲೆ ವರ್ಷವರ್ಷದ ಎಣ್ಣೆ, ಕುಂಕುಮ, ವಿಭೂತಿ. ಮಹಾನವಮಿಯ ಖಂಡೇಪೂಜೆಯ ದಿನ ಕುಡುಗೋಲು, ಕೊಡಲಿ, ಟ್ರಾಕ್ಟರುಗಳ ಜೊತೆಗೆ ಇದಕ್ಕೂ ಪೂಜೆ ಸಲ್ಲುತ್ತದೆಯಂತೆ.

“ಆಫ್ರಿಕಾದ್ದರೀ ಅದು” ಎಂದರು ಯಜಮಾನರು. “ನಮ್ಮ ಮುತ್ಯಾ ಮಿಲ್ಟ್ರಿಯೊಳಗಿದ್ರು. ಅಬಿಸೀನಿಯಾದ ಲಡಾಯಿಯೊಳಗ ಗೆದ್ದು ತಂದದ್ದು.”

ಈ ಮಾತನ್ನು ತಳ್ಳಿಹಾಕಲು ಕಾರಣವಿರಲಿಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇರುವುದು ನಮ್ಮ ಬೆಳಗಾವಿಯಲ್ಲಿಯೇ. ಆ ದಳದವರು 1941ರಲ್ಲಿ ಎರಿಟ್ರಿಯಾದ ಕೆರೆನ್ ಬೆಟ್ಟಗಳಲ್ಲಿ ಇಟಲಿಯ ಸೈನ್ಯದೊಡನೆ ಹೋರಾಡಿದರೆಂಬುದು ಇತಿಹಾಸ. ಆರಡಿ ಉದ್ದದ ಕೋಲನ್ನು ಹಡಗು ರೈಲುಗಳಲ್ಲಿ ಸಿಪಾಯಿಯೊಬ್ಬ ಹೇಗೆ ಹೊತ್ತು ತಂದಾನು ಎಂದು ಕೇಳಿದೆ. ಕೋಲು ಅಲ್ಲಿಯದಲ್ಲವಂತೆ, ಅಲಗನ್ನಷ್ಟೇ ಕಂಬಳಿಯಲ್ಲಿ ಸುತ್ತಿ ತಂದರಂತೆ, ಕಾವು ಹಾಕಿದವನು ಊರ ಬಡಿಗ. ಅಂದರೆ ಆ ಈಟಿಯ ತಲೆ ಒಂದು ಖಂಡದ್ದು, ಮೈ ಇನ್ನೊಂದು ಖಂಡದ್ದು.

ಊಟವಾದ ಮೇಲೆ ಮನೆಯ ಹಿರಿಯ ಅಮ್ಮನವರು, ಆ ಸಿಪಾಯಿಯ ಸೊಸೆ, ಒಳಗಿನಿಂದಲೇ ಒಂದು ಮಾತು ಸೇರಿಸಿದರು: “ಗೆದ್ದದ್ದು ಅಂತ ಮಾವಾರು ಎಂದೂ ಅಂದಿಲ್ಲೋ ತಮ್ಮಾ. ‘ಸಿಕ್ಕಿತು’ ಅಂತಿದ್ರು.”

ಯಜಮಾನರು ನಕ್ಕುಬಿಟ್ಟರು. ನನಗೆ ಮಾತ್ರ ಆ ಕ್ರಿಯಾಪದ ಬಹಳ ದಿನ ಕಾಡಿತು.

ಈಟಿಗಳ ಮೂಲವನ್ನು ಗುರುತಿಸುವುದು ಈಗ ಒಂದು ವಿದ್ಯೆಯಾಗಿ ಬೆಳೆದಿದೆ. ‘ಆಫ್ರಿಕಾದ್ದು’ ಎನ್ನುವುದು ಆ ವಿದ್ಯೆಯಲ್ಲಿ ಉತ್ತರವೇ ಅಲ್ಲ. 54 ದೇಶಗಳೂ ಸುಮಾರು 2000 ಭಾಷೆಗಳೂ ಇರುವ ಒಂದು ಖಂಡವನ್ನು ಒಂದೇ ಮಾತಿನಲ್ಲಿ ಕಟ್ಟಿಹಾಕಿದಂತೆ. ನಮ್ಮ ಕೊಡವರ ಪೀಚೆಕತ್ತಿಯನ್ನು ಯಾರಾದರೂ ‘ಏಷ್ಯದ ಚಾಕು’ ಎಂದರೆ ನಮಗೆ ಹೇಗಿದ್ದೀತು! ಬಲ್ಲವರು ಮೊದಲು ನೋಡುವುದು ಅಲಗಿನ ಅಂದವನ್ನಲ್ಲ, ಅಲಗೂ ಕಾವೂ ಕೂಡುವ ಜಾಗವನ್ನು. ದಕ್ಷಿಣದ ಜುಲು ಜನರ ಈಟಿಯಲ್ಲಿ ಅಲಗಿನ ಹಿಂದೆ ಒಂದು ಕಬ್ಬಿಣದ ಬಾಲವಿರುತ್ತದೆ; ಅದನ್ನು ಕೋಲಿನೊಳಕ್ಕೆ ಇಳಿಸಿ ಹೊರಗೆ ನಾರಿನಿಂದಲೋ ತೊಗಲಿನಿಂದಲೋ ಬಿಗಿಯುತ್ತಾರೆ. ಬೇರೆ ಅನೇಕ ಕಡೆ ಕೋಲೇ ಅಲಗಿನ ಕೊಳವೆಯೊಳಕ್ಕೆ ಹೋಗುತ್ತದೆ. ಸಹಾರಾ ಮರುಭೂಮಿಯ ತುವಾರೆಗರಲ್ಲಿ ತುದಿಯಿಂದ ಬುಡದವರೆಗೆ ಇಡಿಯ ಈಟಿಯೇ ಕಬ್ಬಿಣದ್ದು. ಮಸಾಯಿಗಳದು ಮುಂದೆ ಕಬ್ಬಿಣ, ಹಿಂದೆ ಕಬ್ಬಿಣ, ನಡುವೆ ಹಿಡಿಯುವಷ್ಟು ಮಾತ್ರ ಮರ. ಹತ್ತೊಂಬತ್ತನೆಯ ಶತಮಾನದಲ್ಲಿ ಗಿಡ್ಡವಾಗಿ ಅಗಲವಾಗಿದ್ದ ಅವರ ಅಲಗು ಆ ಶತಮಾನ ಮುಗಿಯುವ ವೇಳೆಗೆ ಕತ್ತಿಯಂತೆ ಉದ್ದವಾಗಿ ಕಿರಿದಾಯಿತು. ಹೀಗಾಗಿ ಅಲಗಿನ ಅಳತೆ ಜನಾಂಗವನ್ನು ಮಾತ್ರವಲ್ಲ, ಕಾಲವನ್ನೂ ಹೇಳುತ್ತದೆ. ಕಾಂಗೋ ನದಿಯ ಲೊಕೆಲೆ ಜನರಲ್ಲಿ ಆಳಿಗಿಂತ ಎತ್ತರದ ಅಲಗುಗಳು ಉಂಟು. ಅವುಗಳಿಂದ ಯಾರನ್ನೂ ತಿವಿಯುತ್ತಿರಲಿಲ್ಲ, ಅವು ಹಣ! ಕನ್ಯಾಶುಲ್ಕಕ್ಕೆ ಕೊಡುತ್ತಿದ್ದದ್ದು. ಅದನ್ನು ಗೋಡೆಗೆ ಹಾಕಿ ‘ಭಯಂಕರ ಆಯುಧ’ ಎಂದು ತೋರಿಸುವವರು ಒಂದು ದೊಡ್ಡ ನೋಟನ್ನು ಚೌಕಟ್ಟು ಹಾಕಿಸಿ ‘ಭಯಂಕರ ಕಾಗದ’ ಎಂದು ತೋರಿಸಿದಂತೆ.

ಇಷ್ಟು ಬಲ್ಲವನಿಗೂ ಮುಂದೆ ತೊಡಕು ಕಾದಿರುತ್ತದೆ. ಕಮ್ಮಾರ ಒಂದು ಜನಾಂಗದವನು, ಕೊಂಡವನು ಪಕ್ಕದ ಜನಾಂಗದವನು. ಮಸಾಯಿಗಳಿಗೆ ಈಟಿ ಮಾಡಿಕೊಡುತ್ತಿದ್ದ ಕಮ್ಮಾರರು ಎಷ್ಟೋ ವೇಳೆ ಕರಾವಳಿಯ ವ್ಯಾಪಾರಿಗಳು ತಂದ ವಿದೇಶದ ದಪ್ಪ ತಂತಿಯನ್ನೇ ಕಾಸಿ ಬಡಿದು ಅಲಗು ಮಾಡುತ್ತಿದ್ದರು. ಕಬ್ಬಿಣ ಯುರೋಪಿನದು, ಸುತ್ತಿಗೆ ಕಮ್ಮಾರನದು, ಆಕಾರ ಮಸಾಯಿಗಳದು. ಇನ್ನು ಪ್ರವಾಸಿಗಳಿಗೆ ಮಾರುವುದಕ್ಕೆಂದೇ ಮಾಡಿದವು ಬೇರೆ. ಇದರ ಮೂಲ ಯಾವುದು ಎಂದು ಒಂದೇ ಮಾತಿನಲ್ಲಿ ಹೇಳಿ ನೋಡೋಣ!

ನಮ್ಮ ಆಯುಧಗಳ ಗತಿಯೂ ಇದೇ. ಮರಾಠರ ಸೇನಾಸಾಹೇಬ ಸುಭಾ ರಘೂಜಿ ಭೋಸಲೆಯ ಖಡ್ಗವೊಂದು 2025ರಲ್ಲಿ ಲಂಡನ್ನಿನ ಹರಾಜಿಗೆ ಬಂದಾಗ ಮಹಾರಾಷ್ಟ್ರ ಸರಕಾರ ಅದನ್ನು ಕೊಂಡು ಮುಂಬಯಿಗೆ ತಂದಿತು. ಸಂತೋಷದ ಸಂಗತಿಯೇ. ಆದರೆ ಆ ಖಡ್ಗದ ಅಲಗು ಯುರೋಪಿನಲ್ಲಿ ತಯಾರಾದದ್ದು. ಅದನ್ನು ಯಾರೂ ಮುಚ್ಚಿಟ್ಟಿರಲೂ ಇಲ್ಲ. ಅಲಗಿನ ಮೇಲೆ ರಘೂಜಿಯ ಹೆಸರಿನ ಜೊತೆಗೆ ‘ಫಿರಂಗ’ ಎಂಬ ಮಾತನ್ನೂ ದೇವನಾಗರಿಯಲ್ಲಿ ಚಿನ್ನದಿಂದ ಕೆತ್ತಿಸಿದ್ದಾರೆ. ಹಳೆಯ ಕಾಲದ ಸರದಾರನಿಗೆ ತನ್ನ ಕತ್ತಿ ಪರದೇಶದ್ದೆಂದು ಹೇಳಿಕೊಳ್ಳಲು ನಾಚಿಕೆಯಿರಲಿಲ್ಲ. ಆ ನಾಚಿಕೆ ನಮ್ಮ ಕಾಲದ ಆಸ್ತಿ.

ಇದಕ್ಕೆ ಉಲ್ಟಾ ಕತೆ ಉಕ್ಕಿನದು. ನಮ್ಮ ‘ಉಕ್ಕು’ ಎಂಬ ಮಾತೇ ಇಂಗ್ಲಿಷರ ಬಾಯಲ್ಲಿ ‘ವೂಟ್ಸ್’ ಆಯಿತೆಂದು ವಿದ್ವಾಂಸರು ಹೇಳುತ್ತಾರೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬಾತ ಅದನ್ನು ಕುರಿತು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಮಂಡಿಸಿದ. ಮುಂದೆ ಮೈಕೇಲ್ ಫ್ಯಾರಡೆ ಅದರ ಗುಟ್ಟನ್ನು ಒಡೆಯಲು ಪ್ರಯೋಗಗಳನ್ನು ನಡೆಸಿದ. ದಕ್ಷಿಣದ ಮೂಸೆಗಳಲ್ಲಿ ಬೆಂದ ಈ ಉಕ್ಕಿನ ಗಟ್ಟಿಗಳು ಪರ್ಷಿಯಾ ಅರಬಸ್ಥಾನಗಳಿಗೆ ಹೋಗಿ ಅಲ್ಲಿ ನೀರಲೆಯಂಥ ಗೆರೆಗಳುಳ್ಳ ಖಡ್ಗಗಳಾದವು. ಜಗತ್ತು ಅವುಗಳನ್ನು ಡಮಾಸ್ಕಸ್ ಖಡ್ಗ ಎಂದು ಕರೆಯಿತು. ಸಂತೆಯ ಹೆಸರು ನಿಂತಿತು, ಕುಲುಮೆಯ ಹೆಸರು ಹೋಯಿತು.

ಕಬ್ಬಿಣ ಯಾರದು, ಕಮ್ಮಾರ ಯಾರು, ಹಿಡಿದವನು ಯಾರು ಎಂಬ ಪ್ರಶ್ನೆಗಳಿಗೆಲ್ಲ ವಿದ್ಯೆಯಿಂದ ಒಂದಷ್ಟು ಉತ್ತರ ದೊರೆತೀತು. ಆದರೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಹಿಡಿದವನ ಕೈಯಿಂದ ಅದು ಬಿಟ್ಟುಹೋದದ್ದು ಹೇಗೆ? ಅಲಗಿನ ಏಣಾಗಲಿ ಕೊಳವೆಯ ಸೀಳಾಗಲಿ ಇದಕ್ಕೆ ಉತ್ತರ ಹೇಳವು. ಉತ್ತರ ಬಲ್ಲವನು ಒಯ್ದವನೊಬ್ಬನೇ. ಒಯ್ದವನು ಹೇಳುವುದೋ, ‘ಸಿಕ್ಕಿತು.’

ಈ ಕ್ರಿಯಾಪದದ ಚಾತುರ್ಯವನ್ನು ನೋಡಿ. ‘ನಾನು ತಂದೆ’, ‘ನಾನು ಕೊಂಡೆ’, ‘ನಾನು ಕಿತ್ತುಕೊಂಡೆ’ ಎಂದರೆ ಕರ್ತೃ ನಾನು. ಮಾಡಿದ್ದಕ್ಕೆ ಹೊಣೆ ನನ್ನದು. ‘ನನಗೆ ಸಿಕ್ಕಿತು’ ಎಂದಾಗ ಕರ್ತೃಸ್ಥಾನದಲ್ಲಿ ಬಂದು ನಿಲ್ಲುವುದು ಈಟಿ. ತಾನಾಗಿ ನಡೆದು ಬಂದು ಸಿಕ್ಕಿದಂತೆ! ನಾನು ಚತುರ್ಥೀ ವಿಭಕ್ತಿಯಲ್ಲಿ, ದಾನ ಪಡೆದವನ ಹಾಗೆ, ಕೈಕಟ್ಟಿ ನಿಂತಿರುತ್ತೇನೆ. ದಾರಿಯಲ್ಲಿ ಬಿದ್ದ ನಾಣ್ಯವೂ ಸಿಕ್ಕುತ್ತದೆ, ಲಂಚವೂ ಸಿಕ್ಕುತ್ತದೆ, ಮನೆ ಮಾರಿಕೊಂಡು ಓಡಿದವನ ಹೊಲವೂ ಅರ್ಧ ಬೆಲೆಗೆ ಸಿಕ್ಕುತ್ತದೆ. ನಮ್ಮ ಭಾಷೆಯಲ್ಲಿ ಇಷ್ಟು ಹಿತವಾದ, ಇಷ್ಟು ಅಪಾಯದ ಮಾತು ಇನ್ನೊಂದಿಲ್ಲವೆಂದೇ ನನಗೆ ತೋರುತ್ತದೆ.

ದೊಡ್ಡ ಸಾಮ್ರಾಜ್ಯಗಳಿಗೂ ಹೀಗೆಯೇ ಸಿಕ್ಕಿದ್ದು ಬಹಳ. 1868ರಲ್ಲಿ ರಾಬರ್ಟ್ ನೇಪಿಯರನ ನಾಯಕತ್ವದಲ್ಲಿ ಒಂದು ದಂಡು ಇಥಿಯೋಪಿಯದ ಮಗ್ದಲಾ ಕೋಟೆಯ ಮೇಲೆ ಹೋಯಿತು. ಹೊರಟದ್ದು ಮುಂಬಯಿ ಇಲಾಖೆಯಿಂದ, ಅಂದರೆ ಆಗ ಬೆಳಗಾವಿ ಸೇರಿದ್ದ ಇಲಾಖೆಯಿಂದಲೇ. ದೊರೆ ತೆವೊದ್ರೋಸ್ ಸೆರೆಸಿಕ್ಕದೆ ತನ್ನನ್ನು ತಾನೇ ಗುಂಡಿಕ್ಕಿಕೊಂಡ. ಕೋಟೆಯಲ್ಲಿ ಸಿಕ್ಕಿದ ಕಿರೀಟ, ಶಿಲುಬೆ, ಹಸ್ತಪ್ರತಿ, ಆಯುಧಗಳನ್ನು ಹೊರಲು 15 ಆನೆಗಳೂ ಸುಮಾರು 200 ಹೇಸರಗತ್ತೆಗಳೂ ಬೇಕಾದವೆಂದು ಹೇಳುತ್ತಾರೆ. ದಾರಿಯಲ್ಲಿ ಬಯಲಿನಲ್ಲೇ ಹರಾಜು ನಡೆಯಿತು. ಬಂದ ಹಣವನ್ನು ಸಿಪಾಯಿಗಳಿಗೆ ಹಂಚಿದರು. ಕೊಳ್ಳಲು ಬ್ರಿಟಿಷ್ ಮ್ಯೂಜಿಯಮ್ಮಿನ ಪ್ರತಿನಿಧಿಯೂ ಅಲ್ಲಿದ್ದ. ಎಲ್ಲವೂ ಕ್ರಮಬದ್ಧ, ಎಲ್ಲಕ್ಕೂ ಲೆಕ್ಕ.

ಒಯ್ದವನು ಒಮ್ಮೊಮ್ಮೆ ಮೂಲವನ್ನು ಬರೆದಿಡುವುದೂ ಉಂಟು. ಹಾಗೆ ಬರೆದದ್ದನ್ನೆಲ್ಲ ನಂಬುವ ಹಾಗಿಲ್ಲ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಜಿಯಮ್ಮಿನಿಂದ 2024ರಲ್ಲಿ ಮೂರು ವರ್ಷಗಳ ಎರವಲಿಗೆ ಸಾತಾರೆಗೆ ಬಂದ ಹುಲಿಯುಗುರುಗಳ ಪೆಟ್ಟಿಗೆಯನ್ನು ನೋಡಿ. ಸಾತಾರೆಯಲ್ಲಿ ರೆಸಿಡೆಂಟನಾಗಿದ್ದ ಗ್ರಾಂಟ್ ಡಫ್ ಎಂಬವನ ಮನೆತನದಿಂದ ಬಂದದ್ದು. ಪೆಟ್ಟಿಗೆ ಮಾಡಿದ್ದು ಸ್ಕಾಟ್ಲೆಂಡಿನಲ್ಲಿ. ಅದರ ಮೇಲೆ, ಶಿವಾಜಿ ಮೊಗಲ ಸೇನಾಪತಿಯನ್ನು ಕೊಂದದ್ದು ಇದರಿಂದ, ಎಂದು ಬರೆದಿದೆ. 1659ರಲ್ಲಿ ಪ್ರತಾಪಗಡದ ಕೆಳಗೆ ಸತ್ತ ಅಫಜಲಖಾನ ಮೊಗಲರವನಲ್ಲ, ನಮ್ಮ ವಿಜಾಪುರದ ಆದಿಲಶಾಹಿಯವನು ಎಂಬುದನ್ನು ಬೆಳಗಾವಿ ಕಡೆಯ ಶಾಲೆಯ ಹುಡುಗನೂ ಬಲ್ಲ. ಆ ಉಗುರುಗಳು ಶಿವಾಜಿಯವೇ ಎಂದು ರುಜುವಾತುಪಡಿಸಲು ಸಾಧ್ಯವಾಗಿಲ್ಲವೆಂದು ಮ್ಯೂಜಿಯಮ್ಮಿನವರೇ ಹೇಳಿದ್ದಾರೆ. ಹೇಳಿದ್ದು ಅವರ ದೊಡ್ಡತನ. ಆ ಮಾತು ಕಿವಿಗೆ ಬೀಳದವರಂತೆ ಜಯಘೋಷ ಮಾಡಿದವರ ಬಗೆಗೆ ನಾನು ಹೆಚ್ಚು ಹೇಳುವುದಿಲ್ಲ. ಹೆಸರುವಾಸಿ ಮೂಲದ ಆಸೆ ಎಲ್ಲರಿಗೂ ಇದೆ. ನಮ್ಮ ಜಿಲ್ಲೆಯಲ್ಲಿಯೂ ಹಳೆಯ ಕತ್ತಿಯೊಂದು ಅಟ್ಟದಿಂದ ಇಳಿದರೆ ಸಾಕು, ಸಂಜೆಯೊಳಗೆ ಅದು ರಾಯಣ್ಣನದಾಗಿರುತ್ತದೆ.

ಮಸಗುಪ್ಪಿಯ ಈಟಿಗೆ ಮತ್ತೆ ಬರುತ್ತೇನೆ. ಕೆರೆನ್ ಕಾಳಗ ಫಿರಂಗಿಗಳ ಕಾಳಗ. ಇಟಲಿಯವರ ಕಡೆಯಲ್ಲಿದ್ದ ಎರಿಟ್ರಿಯದ ಸಿಪಾಯಿಗಳ ಕೈಯಲ್ಲಿಯೂ ಇದ್ದದ್ದು ಬಂದೂಕು. ಹಾಗಾದರೆ ಈಟಿ ಹಿಡಿದಿದ್ದವನು ಯಾರು? ಶತ್ರುವಿನ ಸಿಪಾಯಿಗಿಂತ ಆ ಸೀಮೆಯ ಕುರಿ ಕಾಯುವವನೋ ಒಕ್ಕಲಿಗನೋ ಆಗಿರುವುದೇ ಹೆಚ್ಚು ಸಂಭವ. ಅವನು ಅದನ್ನು ಮಾರಿರಬಹುದು. ಒಂದು ತುತ್ತು ಅನ್ನಕ್ಕೆ ಕೊಟ್ಟಿರಬಹುದು. ಬಾಂಬಿಗೆ ಹೆದರಿ ಬಿಟ್ಟು ಓಡಿದ ಮನೆಯಲ್ಲಿ ಅದು ಬಿದ್ದಿದ್ದಿರಬಹುದು. ‘ಗೆದ್ದು ತಂದದ್ದು’ ಎಂಬುದು ಮೊಮ್ಮಗನ ಅಭಿಮಾನ. ‘ಸಿಕ್ಕಿತು’ ಎಂಬುದು ಅಜ್ಜನ ಸಂಕೋಚ. ಆ ಸಿಪಾಯಿ ಗೆದ್ದೆನೆಂದು ಬಡಾಯಿ ಕೊಚ್ಚಲಿಲ್ಲ ಎಂಬುದಕ್ಕಾಗಿ ನನಗೆ ಅವರಲ್ಲಿ ಗೌರವವಿದೆ. ತಾನೂ ಒಬ್ಬ ಪರರ ಯುದ್ಧಕ್ಕೆ ಹೋದ ಒಕ್ಕಲಿಗ; ಇನ್ನೊಬ್ಬ ಒಕ್ಕಲಿಗನ ಈಟಿ ಕೈಗೆ ಬಂದಾಗ ಅವರಿಗೆ ಏನೋ ಅನಿಸಿರಬೇಕು.

ಇದನ್ನು ಯಜಮಾನರಿಗೆ ಹೇಳಿದೆ. ಕುಂಕುಮವಿಟ್ಟ ವಸ್ತುವಿನ ಬಗೆಗೆ ಹೇಳುವುದಾದ್ದರಿಂದ ಮೆಲ್ಲನೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಈಟಿಯ ಕಡೆ ನೋಡಿ, “ಹಂಗಾರ ಇದರ ಮಾಲಕ ಯಾರ್ರೀ?” ಎಂದರು.

ವಿದ್ವಾಂಸರ ಪ್ರಶ್ನೆಗಿಂತ ಇದು ಒಂದು ಹೆಜ್ಜೆ ಮುಂದೆ. ಮೂಲ ಯಾವುದು ಎಂದು ಕೇಳುತ್ತ ಹೋದವನು ಕೊನೆಗೆ ಈ ಪ್ರಶ್ನೆಯ ಎದುರಿಗೆ ಬಂದು ನಿಲ್ಲಲೇಬೇಕು. ಅದಕ್ಕಾಗಿಯೇ ಎಷ್ಟೋ ಮಂದಿ ಮೂಲವನ್ನು ಕೇಳುವುದೇ ಇಲ್ಲ. ಎಂಬತ್ತಕ್ಕೂ ಹೆಚ್ಚು ವರ್ಷ ಮಹಾನವಮಿಯ ಪೂಜೆ ಪಡೆದ ಈಟಿ ಮಸಗುಪ್ಪಿಯದೂ ಆಗಿಲ್ಲವೆ? ಆಗಿದೆ. ಮಗುವನ್ನು ಸಾಕಿದವಳಿಗೂ ಹಕ್ಕುಂಟು. ಆದರೆ ಹೆತ್ತವಳ ಹೆಸರನ್ನು ಅಳಿಸುವ ಹಕ್ಕು ಸಾಕಿದವಳಿಗೆ ಬರುವುದಿಲ್ಲ. ಹಿಂದಿರುಗಿಸುವುದೇ ಕರ್ತವ್ಯವೆನ್ನೋಣವೆಂದರೆ, ಯಾವ ಊರಿಗೆ, ಯಾವ ಮನೆಗೆ? ಅಂಚೆಯ ವಿಳಾಸವಿಲ್ಲದ ಋಣವಿದು. ವಿಳಾಸವಿಲ್ಲವೆಂದ ಮಾತ್ರಕ್ಕೆ ಋಣ ತೀರಿತೆಂದು ತಿಳಿಯುವುದು ಮಾತ್ರ ಸಾಹುಕಾರ ಸತ್ತನೆಂದು ಸಾಲಗಾರ ಹಿಗ್ಗಿದಂತೆ. ತೀರಿಸಲಾಗದ ಋಣವನ್ನು ಕಡೆಯ ಪಕ್ಷ ಸರಿಯಾಗಿ ಬರೆದಿಡಬಹುದು. ಅಲಗು ಬಹುಶಃ ಎರಿಟ್ರಿಯದ್ದು, ಕಾವು ಮಸಗುಪ್ಪಿಯದು, ಬಂದದ್ದು 1941ರ ಯುದ್ಧದಲ್ಲಿ, ಕೈಬಿಟ್ಟವನ ಹೆಸರು ಬರೆದುಕೊಳ್ಳಲಿಲ್ಲ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಈಟಿಯ ಕೆಳಗೆ ಅಂಟಿಸಿದರೆ ಪೂಜೆಗೆ ಭಂಗವೇನೂ ಬರದು.

ಮನುಷ್ಯರೂ ಹೀಗೆ ‘ಸಿಕ್ಕಿದ’ ಕಾಲವೊಂದಿತ್ತು ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. ಖಾನಾಪುರ, ಹಳಿಯಾಳ, ಯಲ್ಲಾಪುರಗಳ ಕಾಡಂಚಿನಲ್ಲಿ ಕನ್ನಡ, ಕೊಂಕಣಿ, ಮರಾಠಿಗಳನ್ನಾಡುತ್ತ ಬಾಳುತ್ತಿರುವ ಸಿದ್ದಿಗಳ ಪೂರ್ವಿಕರಲ್ಲಿ ಅನೇಕರು ಆಫ್ರಿಕಾದಿಂದ ಗುಲಾಮರಾಗಿ ಬಂದವರು. ಅವರನ್ನು ಮಾರಿದವರಿಗೂ ಕೊಂಡವರಿಗೂ ಅವರ ಊರಿನ ಹೆಸರು ಬೇಕಾಗಿರಲಿಲ್ಲ. 2011ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಅವರ ರಕ್ತವನ್ನು ಪರೀಕ್ಷಿಸಿ, ಬಂಟು ಭಾಷೆಗಳನ್ನಾಡುವ ಆಫ್ರಿಕನರೊಡನೆ ಅವರ ಸಂಬಂಧವನ್ನು ಗುರುತಿಸಿತು. ಸರಕಾರದ ಕಣ್ಣಿಗೆ ಮಾತ್ರ ಅವರ ಮೂಲ ಜಿಲ್ಲೆಯ ಗಡಿಯಲ್ಲಿತ್ತು. ಉತ್ತರ ಕನ್ನಡದ ಸಿದ್ದಿ 2003ರಲ್ಲಿ ಪರಿಶಿಷ್ಟ ಪಂಗಡದವನಾದ. ಗಡಿಯ ಈಚೆ ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿದ್ದ ಅವನ ನಂಟರು 2020ರವರೆಗೆ ಕಾಯಬೇಕಾಯಿತು.

ಇಷ್ಟೆಲ್ಲ ಪರದೇಶದ ಮಾತೇಕೆ ಎಂದು ವಾಚಕರು ಕೇಳಬಹುದು. ಮಸಗುಪ್ಪಿಯ ಸೀಮೆಯಲ್ಲಿ ಹರಿಯುವ ಘಟಪ್ರಭೆಯನ್ನೇ ಹಿಡಿದು ಕೆಳಗೆ ಹೋದರೆ ಮುಧೋಳ ಸಿಗುತ್ತದೆ. ಮುಧೋಳದ ಸೀಮೆಯಲ್ಲಿ ಹಲಗಲಿ. 1857ರಲ್ಲಿ ಜನರು ಆಯುಧಗಳನ್ನು ಸರಕಾರಕ್ಕೆ ಒಪ್ಪಿಸಬೇಕೆಂಬ ಕಾಯದೆ ಬಂದಾಗ ಆ ಊರಿನ ಬೇಡರು ಒಪ್ಪಲಿಲ್ಲ. ಬೇಟೆ ಅವರ ಅನ್ನ, ಆಯುಧ ಅವರ ಮಾನ. ನವೆಂಬರಿನಲ್ಲಿ ದಂಡು ಬಂದು ಊರನ್ನು ಮುತ್ತಿ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಆ ಕತೆಯ ಲಾವಣಿಯನ್ನು ಮುಂದೆ ಸಂಗ್ರಹಿಸಿ ಅಚ್ಚುಹಾಕಿಸಿದವನೂ ಒಬ್ಬ ಇಂಗ್ಲಿಷ್ ಅಧಿಕಾರಿಯೇ, ಶಾಸನತಜ್ಞ ಫ್ಲೀಟ್. ಹೀಗೆ ಹಾಡು ಉಳಿಯಿತು, ಹೆಸರುಗಳೂ ಉಳಿದವು. ಆಯುಧಗಳು? ಸುಟ್ಟ ಮನೆಗಳಿಂದ ಆರಿಸಿ ತೆಗೆದ ಕತ್ತಿ, ಈಟಿಗಳಲ್ಲಿ ಒಂದೆರಡಾದರೂ ಯಾವನೋ ಲೆಫ್ಟೆನೆಂಟನ ಟ್ರಂಕಿನಲ್ಲಿ ಸಮುದ್ರ ದಾಟಿದ್ದರೆ ಆಶ್ಚರ್ಯವಿಲ್ಲ. ಹಾಗೆ ದಾಟಿದ ಒಂದು ಅಲಗು ಇಂದು ಇಂಗ್ಲೆಂಡಿನ ಯಾವುದೋ ಹಳ್ಳಿಯ ಮನೆಯಲ್ಲಿ, ಅಗ್ಗಿಷ್ಟಿಕೆಯ ಮೇಲಿನ ಗೋಡೆಯಲ್ಲಿ, ಹೊಸ ಕಾವು ಹಾಕಿಸಿಕೊಂಡು, ವರ್ಷಕ್ಕೊಮ್ಮೆ ಎಣ್ಣೆ ಒರೆಸಿಕೊಂಡು ಇದ್ದೀತು. ಅತಿಥಿಯೊಬ್ಬ ಅದನ್ನು ನೋಡಿ ಕೇಳುತ್ತಾನೆ. ಮನೆಯ ಯಜಮಾನ, ಅವನೂ ಸಜ್ಜನನೇ, ಚಹದ ಬಟ್ಟಲನ್ನು ಕೆಳಗಿಟ್ಟು, ಅದು ಹಿಂದೂಸ್ಥಾನದ್ದು, ನಮ್ಮ ಮುತ್ತಜ್ಜನಿಗೆ ಅಲ್ಲಿ ಸಿಕ್ಕಿತು, ಎಂದು ಹೇಳುತ್ತಾನೆ.